ಕೆರೆ ಸುತ್ತ ಮನೆಮಂದಿಯ ನಡಿಗೆ: ಗೇಟಿನಿಂದ ಹೊರಟು ಗೇಟಿಗೆ ಮರಳುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನಗರದ ಕೆರೆ ಕಣ್ಣಿಗೆ ಮೋಸ ಮಾಡುತ್ತದೆ. ಗೇಟಿನ ಬಳಿ ನಿಂತು ನೀರಿನ ಮೇಲೆ ದೃಷ್ಟಿ ಹಾಯಿಸಿದರೆ ಆಚೆ ದಡ ಇಲ್ಲೇ ಕೈಗೆಟುಕುವಂತೆ ಕಾಣುತ್ತದೆ. ಆದರೆ ನೀರಿನ ಮೇಲೆ ಯಾರೂ ನಡೆಯುವುದಿಲ್ಲ. ಪೂರ್ತಿ ದುಂಡಗಿರುವ ಕೆರೆಯಲ್ಲಿ ನೇರಕ್ಕೆ 500 ಮೀಟರ್ ದೂರವಿರುವ ಎದುರು ದಡವನ್ನು ಹಾದಿ ಹಿಡಿದು ತಲುಪಲು ಸುಮಾರು 800 ಮೀಟರ್ ನಡೆಯಬೇಕು. ದಡ ಒಳಹೊರಗೆ ಬಾಗಿದ್ದರೆ ಇನ್ನೂ ಹೆಚ್ಚು. ಅಷ್ಟು ದೂರ ಹೋದ ಮೇಲೆ ನಾಲ್ಕು ವರ್ಷದ ಮಗು "ಎತ್ತಿಕೋ" ಎಂದು ಕೈ ಚಾಚುತ್ತದೆ, ಅಜ್ಜಿ ಮಾತು ನಿಲ್ಲಿಸಿ ಬೆಂಚಿಗಾಗಿ ಹುಡುಕುತ್ತಾರೆ. ಆಗ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಹೋದರೂ ಅಷ್ಟೇ ದೂರ. ಮನೆಮಂದಿಯ ಕೆರೆ ನಡಿಗೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಆದ್ದರಿಂದ ಸುತ್ತು ಮುಗಿಸಲೇಬೇಕೆಂಬ ಹಠವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಬೇಸರವಿಲ್ಲದೆ ಗೇಟಿಗೆ ಮರಳಬೇಕು, ಅಷ್ಟೇ. ಮುಂದಿನ ಎಲ್ಲ ಲೆಕ್ಕವೂ ಅವರ ಹೆಜ್ಜೆಯನ್ನು ಆಧರಿಸಿದೆ.

ಹೆಜ್ಜೆ 1: ಸುತ್ತಳತೆಯನ್ನು ಮನೆಯಲ್ಲೇ ಅಳೆಯಿರಿ

ಕೆರೆಗಳ ಬಗ್ಗೆ ಸಿಗುವ ಮಾಹಿತಿಯಲ್ಲಿ ಸಾಮಾನ್ಯವಾಗಿ ಇರುವುದು ವಿಸ್ತೀರ್ಣ: ಇಷ್ಟು ಎಕರೆ ಎಂದು. ನಡೆಯುವವರಿಗೆ ಬೇಕಿರುವುದು ಸುತ್ತಳತೆ, ಮತ್ತು ಇವೆರಡರ ಸಂಬಂಧ ಅಂದುಕೊಂಡಷ್ಟು ನೇರವಾಗಿಲ್ಲ. 50 ಎಕರೆಯ ಕೆರೆ ಪೂರ್ತಿ ದುಂಡಗಿದ್ದರೆ ಸುತ್ತಳತೆ ಸುಮಾರು 1.6 ಕಿ.ಮೀ. ಅದೇ 50 ಎಕರೆ ಅಗಲದ ನಾಲ್ಕರಷ್ಟು ಉದ್ದವಿರುವ ಪಟ್ಟಿಯಾಗಿದ್ದರೆ ಸುಮಾರು 2.25 ಕಿ.ಮೀ. ಇನ್ನೊಂದು ಕಡೆ, ಆಕಾರ ಬದಲಾಗದೆ ವಿಸ್ತೀರ್ಣ ನಾಲ್ಕು ಪಟ್ಟಾದರೆ ಸುತ್ತಳತೆ ಎರಡೇ ಪಟ್ಟಾಗುತ್ತದೆ. ಹಾಗಾಗಿ "ಇನ್ನೂರು ಎಕರೆಯೇ!" ಎಂದು ಹೆದರಬೇಕಿಲ್ಲ, "ಐವತ್ತೇ ಎಕರೆ" ಎಂದು ಹಗುರವಾಗಿಯೂ ತೆಗೆದುಕೊಳ್ಳಬಾರದು.

ನಡೆಯುವ ಹಾದಿ ನೀರಿನ ಅಂಚಿನಲ್ಲೇ ಇರುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ದುಂಡನೆಯ ಕೆರೆಯಲ್ಲಿ ಹಾದಿ ನೀರಿನಿಂದ 20 ಮೀಟರ್ ಹೊರಗೆ ಸರಿದರೆ ಒಟ್ಟು ದೂರಕ್ಕೆ ಸುಮಾರು 125 ಮೀಟರ್ ಸೇರುತ್ತದೆ. ಕೆರೆ ಚಿಕ್ಕದಿರಲಿ, ದೊಡ್ಡದಿರಲಿ, ಈ ಹೆಚ್ಚುವರಿ ಅಷ್ಟೇ ಇರುತ್ತದೆ. ಗಣಿತ ಇಷ್ಟಪಡುವ ಮಕ್ಕಳು ಮನೆಯಲ್ಲಿದ್ದರೆ ಇದು ಏಕೆ ಹೀಗೆ ಎಂದು ಕೇಳಿ ನೋಡಿ.

ಲೆಕ್ಕದ ಗೋಜು ಬೇಡವೆನ್ನುವವರಿಗೆ ಮೊಬೈಲ್ ಇದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಉಪಗ್ರಹ ಚಿತ್ರವನ್ನು ತೆರೆದು, ಗೇಟಿರುವ ಜಾಗವನ್ನು ಒತ್ತಿ ಹಿಡಿಯಿರಿ. ಅಲ್ಲೊಂದು ಗುರುತು ಬೀಳುತ್ತದೆ. ಅದರ ಆಯ್ಕೆಗಳಲ್ಲಿ ದೂರ ಅಳೆಯುವುದನ್ನು ಆರಿಸಿ, ಹಾದಿಯ ಒಂದೊಂದು ತಿರುವಿಗೂ ಒಂದೊಂದು ಬಿಂದು ಸೇರಿಸುತ್ತಾ ಹೋದರೆ ಒಟ್ಟು ದೂರ ಕೆಳಗೆ ಕಾಣುತ್ತದೆ. ಐದು ನಿಮಿಷದ ಕೆಲಸ. ಹೀಗೆ ಅಳೆಯುವಾಗಲೇ ನಾಲ್ಕು ಸಂಗತಿಗಳನ್ನು ನೋಡಿಕೊಳ್ಳಿ: ಹಾದಿ ನಿಜವಾಗಿಯೂ ಸುತ್ತಲೂ ಇದೆಯೇ, ನಡುವೆ ಎಲ್ಲಾದರೂ ತುಂಡಾಗಿದೆಯೇ, ಇನ್ನೊಂದು ಗೇಟು ಎಲ್ಲಿದೆ, ಮರಗಳ ಹಸಿರು ಯಾವ ಬದಿಯಲ್ಲಿ ದಟ್ಟವಾಗಿದೆ. ಎರಡನೆಯ ಗೇಟು ಇದ್ದರೆ ಅದನ್ನು ನೆನಪಿಟ್ಟುಕೊಳ್ಳಿ. ದಣಿದವರನ್ನು ಅಲ್ಲೇ ಕೂರಿಸಿ, ಒಬ್ಬರು ಹೋಗಿ ವಾಹನ ತರುವ ದಾರಿ ಅದು. ಆದರೆ ಎಲ್ಲ ಗೇಟುಗಳೂ ಎಲ್ಲ ವೇಳೆಯಲ್ಲೂ ತೆರೆದಿರುವುದಿಲ್ಲ, ಆದ್ದರಿಂದ ಒಳಗೆ ಹೋಗುವಾಗಲೇ ಕಾವಲುಗಾರರನ್ನು ಕೇಳಿಕೊಳ್ಳಿ.

ಹೆಜ್ಜೆ 2: ನಿಧಾನದವರ ವೇಗಕ್ಕೆ ಸಮಯ ಕಟ್ಟಿ

ಆರೋಗ್ಯವಂತ ವಯಸ್ಕರು ಸಹಜವಾಗಿ ಗಂಟೆಗೆ 4.5ರಿಂದ 5 ಕಿ.ಮೀ. ನಡೆಯುತ್ತಾರೆ. ವಯಸ್ಸಾದವರ ಆರಾಮದ ವೇಗ 3 ಕಿ.ಮೀ. ಆಸುಪಾಸು. ಚಿಕ್ಕ ಮಗು ಜೊತೆಗಿದ್ದರೆ ಗಂಟೆಗೆ 2 ಕಿ.ಮೀ. ಎಂದೇ ಹಿಡಿಯಿರಿ. ಮಗುವಿನ ಕಾಲಿಗೆ ಶಕ್ತಿಯಿಲ್ಲ ಎಂದಲ್ಲ. ಪ್ರತಿ ಇರುವೆ ಸಾಲಿಗೂ, ಪ್ರತಿ ಉದುರಿದ ಕಾಯಿಗೂ ಅದು ನಿಲ್ಲುತ್ತದೆ, ನಿಲ್ಲಲೂ ಬೇಕು. 3 ಕಿ.ಮೀ. ಸುತ್ತಿಗೆ ನಿಮ್ಮೊಬ್ಬರಿಗೆ ನಲವತ್ತು ನಿಮಿಷ ಸಾಕು. ಮಗುವಿನ ಜೊತೆ ಒಂದೂವರೆ ಗಂಟೆ. ಈ ವ್ಯತ್ಯಾಸವನ್ನು ಮೊದಲೇ ಒಪ್ಪಿಕೊಂಡವರು ದಾರಿಯಲ್ಲಿ "ಬೇಗ ಬಾ, ಬೇಗ ಬಾ" ಎಂದು ಕೂಗುವುದಿಲ್ಲ.

ನನ್ನ ಅಂದಾಜಿನಲ್ಲಿ ಮೂರು ವರ್ಷದ ಮಗುವಿಗೆ ತನ್ನ ಕಾಲಲ್ಲೇ ನಡೆಯುವುದಾದರೆ ಹೋಗಿಬರುವುದು ಸೇರಿ 1 ಕಿ.ಮೀ. ಧಾರಾಳ. ಆರೇಳು ವರ್ಷದವರು ನಡುವೆ ಒಂದು ದೊಡ್ಡ ವಿರಾಮ ಸಿಕ್ಕರೆ 3 ಕಿ.ಮೀ. ನಡೆದಾರು. ಹದಿಹರೆಯದವರ ಸಮಸ್ಯೆ ದೂರವಲ್ಲ, ನಿಧಾನ; ಅವರಿಗೆ ಬೇರೆಯೇ ಉಪಾಯವಿದೆ, ಆರನೆಯ ಹೆಜ್ಜೆಯಲ್ಲಿ ಹೇಳುತ್ತೇನೆ.

ವೈದ್ಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಎನ್ನುತ್ತಾರಲ್ಲ, ಅದನ್ನು ಈ ನಡಿಗೆಯಲ್ಲಿ ತೀರಿಸಿಕೊಳ್ಳಲು ಹೋಗಬೇಡಿ. ಮಧ್ಯಮ ಶ್ರಮವೆಂದರೆ ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಮನೆಮಂದಿಯ ನಡಿಗೆಯಲ್ಲಿ ಎಲ್ಲರೂ ಹಾಡುವಂತಿರಬೇಕು. ವ್ಯಾಯಾಮಕ್ಕೆ ಇನ್ನೊಂದು ದಿನ ಒಬ್ಬರೇ ಬನ್ನಿ.

ಹೆಜ್ಜೆ 3: ಹಾದಿ ಯಾರಿಗೆ ಹೊಂದುತ್ತದೆ ಎಂದು ನೋಡಿ

ಎಲ್ಲರೂ ಗಟ್ಟಿ ಕಾಲಿನವರಾಗಿದ್ದರೆ ಈ ಹೆಜ್ಜೆಯನ್ನು ಬಿಟ್ಟು ಮುಂದೆ ಓದಬಹುದು. ಸ್ಟ್ರಾಲರ್, ಗಾಲಿಕುರ್ಚಿ ಅಥವಾ ಊರುಗೋಲು ಜೊತೆಗಿದ್ದರೆ ಮಾತ್ರ ಯಾರಾದರೊಬ್ಬರು ಮುಂಚಿತವಾಗಿ ಹೋಗಿ ನೋಡಿಬರುವುದು ಒಳ್ಳೆಯದು. ಚಿತ್ರಗಳಲ್ಲಿ ಎಲ್ಲ ಹಾದಿಗಳೂ ಚೆನ್ನಾಗಿಯೇ ಕಾಣುತ್ತವೆ.

ಒಂದು ಗಾಲಿಕುರ್ಚಿ ಸಲೀಸಾಗಿ ಸಾಗಲು ಸುಮಾರು 90 ಸೆಂ.ಮೀ. ಅಗಲ ಬೇಕು, ಎದುರಿನಿಂದ ಇನ್ನೊಂದು ಬಂದರೆ ಅದರ ಎರಡರಷ್ಟು. ಇಳಿಜಾರಿನ ವಿಷಯದಲ್ಲಿ ಸಾಮಾನ್ಯವಾಗಿ ಒಪ್ಪಿದ ಮಿತಿ 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು. ಅದಕ್ಕಿಂತ ಕಡಿದಾಗಿದ್ದರೆ ತಳ್ಳುವವರ ಸೊಂಟಕ್ಕೂ ಕಷ್ಟ, ಇಳಿಯುವಾಗ ಅಪಾಯವೂ ಇದೆ. ಆದರೆ ನಿಜವಾಗಿ ಕಾಡುವುದು ಗೇಟು. ದ್ವಿಚಕ್ರ ವಾಹನ ನುಗ್ಗಬಾರದೆಂದು ಹಾಕಿದ ತಿರುಗು ಗೇಟಿನಲ್ಲಿ, ಓರೆಯಾಗಿ ನೆಟ್ಟ ಕಂಬಗಳ ನಡುವೆ ಗಾಲಿಕುರ್ಚಿ ಸಿಕ್ಕಿಬೀಳುತ್ತದೆ. ಒಳಗೆ ಎಷ್ಟೇ ಸೊಗಸಾದ ಹಾದಿಯಿದ್ದರೂ ಬಾಗಿಲಲ್ಲೇ ಎಲ್ಲ ಮುಗಿಯಿತು. ಹಲವು ಕಡೆ ಪಕ್ಕದಲ್ಲಿ ಬೀಗ ಹಾಕಿದ ದೊಡ್ಡ ಗೇಟು ಇರುತ್ತದೆ. ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲೇ ವಿಚಾರಿಸಿ.

ನೆಲದ ವಿಷಯ. ಬಿಗಿಯಾಗಿ ಒತ್ತಿದ ಮಣ್ಣಿನ ಹಾದಿ ಮೊಣಕಾಲಿಗೆ ಹಿತ, ಮಳೆ ಬಿದ್ದರೆ ಜಾರುತ್ತದೆ. ಇಂಟರ್‌ಲಾಕ್ ಕಲ್ಲು ಹಾಸಿದ ಹಾದಿಯಲ್ಲಿ ಮರದ ಬೇರು ಎಬ್ಬಿಸಿದ ಅಂಚುಗಳು ಸ್ಟ್ರಾಲರ್‌ನ ಮುಂದಿನ ಚಿಕ್ಕ ಚಕ್ರಕ್ಕೂ ವಯಸ್ಸಾದವರ ಕಾಲ್ಬೆರಳಿಗೂ ಸಮಾನ ಶತ್ರು. ಜಲ್ಲಿ ಹಾದಿಯಲ್ಲಿ ಚಿಕ್ಕ ಚಕ್ರ ಹೂತುಹೋಗುತ್ತದೆ. ಹಾಲುಗಲ್ಲದ ಮಗುವಾದರೆ ಅಂಥ ಕಡೆ ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಳ್ಳುವುದೇ ಸುಲಭ. ಜೋಳಿಗೆಯಲ್ಲಿದ್ದಾಗ ಮಗುವಿನ ಮುಖ ಕಾಣುತ್ತಿರಲಿ, ಅದರ ಗದ್ದ ಅದರದೇ ಎದೆಗೆ ಒತ್ತಿಕೊಳ್ಳದಿರಲಿ.

ವಯಸ್ಸಾದವರಿಗಾಗಿ ಬೆಂಚುಗಳ ನಡುವಿನ ಅಂತರ ನೋಡಿ. ನೂರೈವತ್ತು ಮೀಟರಿಗೊಂದು ಬೆಂಚಿದ್ದರೆ ನಿಶ್ಚಿಂತೆ. ಒರಗುವ ಬೆನ್ನೂ ಕೈ ಊರುವ ಆಸರೆಯೂ ಇರುವ ಬೆಂಚೇ ಬೆಂಚು; ಬರೀ ಕಲ್ಲಿನ ಚಪ್ಪಡಿಯ ಮೇಲೆ ಕೂರುವುದು ಸುಲಭ, ಏಳುವುದು ಕಷ್ಟ. ಶೌಚಾಲಯ ಎಲ್ಲಿದೆ, ತೆರೆದಿದೆಯೇ ಎಂಬುದಂತೂ ಮಕ್ಕಳಿಗೂ ಹಿರಿಯರಿಗೂ ಉಳಿದೆಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಹೆಜ್ಜೆ 4: ವೇಳೆ, ದಡ, ದಿಕ್ಕು

ಬೆಳಿಗ್ಗೆಯೋ ಸಂಜೆಯೋ ಎಂದು ಚರ್ಚಿಸುವವರು ಯಾವ ದಡ ಎಂದು ಯೋಚಿಸುವುದೇ ಇಲ್ಲ. ಬೆಳಿಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ: ಇದನ್ನು ನೆನಪಿಡಿ. ಬೆಳಿಗ್ಗೆ ಪೂರ್ವ ದಡದಲ್ಲಿ ನಡೆಯುತ್ತಾ ನೀರಿನ ಕಡೆ ನೋಡಿದರೆ ಸೂರ್ಯ ನಿಮ್ಮ ಬೆನ್ನ ಹಿಂದೆ. ಹಾದಿಯ ಹೊರಬದಿಯಲ್ಲಿ ಮರಗಳಿದ್ದರೆ ಅವುಗಳ ನೆರಳು ಹಾದಿಯ ಮೇಲೆ ಬೀಳುತ್ತದೆ. ನೀರಿನ ಮೇಲಿನ ಹಕ್ಕಿಗಳ ಮೇಲೆ ಎದುರು ಬೆಳಕು ಬಿದ್ದು ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ. ಅದೇ ಹೊತ್ತಿನಲ್ಲಿ ಪಶ್ಚಿಮ ದಡದಲ್ಲಿರುವವರಿಗೆ ಸೂರ್ಯನೂ ಎದುರು, ನೀರಿನಲ್ಲಿ ಅವನ ಪ್ರತಿಬಿಂಬವೂ ಎದುರು. ಹಕ್ಕಿಗಳೆಲ್ಲ ಕಪ್ಪು ಚುಕ್ಕೆಗಳು. ಅರ್ಧ ಸುತ್ತಷ್ಟೇ ನಡೆದು ಹಿಂತಿರುಗುವವರು ದಡ ಆರಿಸಿಕೊಳ್ಳಲು ಇಷ್ಟು ಲೆಕ್ಕ ಸಾಕು.

ಕಟ್ಟಿದ ಕೆರೆಯಾದರೆ ಏರಿಯ, ಅಂದರೆ ನೀರನ್ನು ತಡೆದು ನಿಲ್ಲಿಸುವ ದಂಡೆಯ, ವಿಷಯ ಬೇರೆ. ಏರಿ ಎತ್ತರವಾಗಿ, ಉದ್ದಕ್ಕೆ ಚಾಚಿಕೊಂಡಿರುತ್ತದೆ, ಗಾಳಿ ಚೆನ್ನಾಗಿ ಬೀಸುತ್ತದೆ, ಇಡೀ ಕೆರೆ ಕಾಣುತ್ತದೆ. ಆದರೆ ನೆರಳು ಕಡಿಮೆ. ದೊಡ್ಡ ಮರದ ಬೇರುಗಳು ಏರಿಯೊಳಗೆ ನೀರು ಜಿನುಗಲು ದಾರಿ ಮಾಡಿಕೊಡುತ್ತವೆ ಎಂಬ ಕಾರಣಕ್ಕೆ ಅಲ್ಲಿ ಮರ ಬೆಳೆಸುವುದನ್ನು ತಪ್ಪಿಸುತ್ತಾರೆ. ಹಾಗಾಗಿ ಬೆಳಿಗ್ಗೆ ಹೊರಟರೆ ಏರಿಯನ್ನು ಮೊದಲು ಮುಗಿಸಿ, ಬಿಸಿಲೇರುವ ಹೊತ್ತಿಗೆ ಮರಗಳ ಬದಿಗೆ ಬನ್ನಿ. ಸಂಜೆಯಾದರೆ ತಿರುವುಮುರುವು. ಕೆರೆ ತುಂಬಿ ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ) ಹರಿಯುತ್ತಿದ್ದರೆ ಕೋಡಿಯ ಮೇಲಿನ ಹಾದಿಯಲ್ಲಿ ಪಾಚಿಯಿರುತ್ತದೆ. ನೀರು ಪಾದ ಮುಳುಗಿಸುವಷ್ಟೇ ಇದ್ದರೂ ಮಕ್ಕಳ ಜೊತೆ ದಾಟಬೇಡಿ.

ಬೆಳಗಿನ ಗಾಳಿ ಯಾವಾಗಲೂ ಶುದ್ಧ ಎಂಬ ನಂಬಿಕೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ಚಳಿಯ ದಿನಗಳಲ್ಲಿ ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ಪದರವಾಗಿ ನಿಲ್ಲುತ್ತದೆ. ಆಗ ವಾಹನಗಳ ಹೊಗೆ ಮೇಲೇರಲಾಗದೆ ನೆಲಮಟ್ಟದಲ್ಲೇ ಉಳಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಅದು ಚದುರುತ್ತದೆ. ಉಬ್ಬಸವಿರುವವರು ಮನೆಯಲ್ಲಿದ್ದರೆ ಅಂಥ ದಿನಗಳಲ್ಲಿ ನಸುಕಿನ ಬದಲು ಎಂಟು ಗಂಟೆಯ ನಂತರ ಹೊರಡುವುದೇ ಸರಿ. ವಾಯು ಗುಣಮಟ್ಟದ ಸೂಚ್ಯಂಕವನ್ನು ಮೊಬೈಲ್‌ನಲ್ಲೇ ನೋಡಬಹುದು. ಸಂಜೆ ಹೋಗುವವರು ಕತ್ತಲಾಗುವುದಕ್ಕೆ ಅರ್ಧ ಗಂಟೆ ಮೊದಲೇ ಗೇಟಿನ ಬಳಿ ಇರುವಂತೆ ಲೆಕ್ಕ ಹಾಕಿ. ಮುಸ್ಸಂಜೆ ಸೊಳ್ಳೆಗಳ ಹೊತ್ತು.

ಹೆಜ್ಜೆ 5: ಚೀಲ ತುಂಬುವುದು

ಇದಕ್ಕೆ ದೊಡ್ಡ ಪಟ್ಟಿ ಬೇಡ. ಭಾರದ ಚೀಲ ಹೊತ್ತವರೇ ಮೊದಲು ಸಿಡುಕುವುದು.

ಪ್ರತಿಯೊಬ್ಬರಿಗೂ ಅರ್ಧ ಲೀಟರ್ ಕುಡಿಯುವ ನೀರು, ಬಿಸಿಲಿದ್ದರೆ ಹೆಚ್ಚು. ಅಂಚಿರುವ ಟೋಪಿ. ಸೋಪು ಅಥವಾ ಒದ್ದೆ ಒರಸುಬಟ್ಟೆ. ಮಗುವಿಗೆ ಇನ್ನೊಂದು ಜೊತೆ ಬಟ್ಟೆ, ಮುಖ್ಯವಾಗಿ ಕಾಲುಚೀಲ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರ ಕಿಸೆಯಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್. ಚೀಲದಲ್ಲಿ ಬೇಡ, ಕಿಸೆಯಲ್ಲಿಯೇ ಇರಲಿ, ಏಕೆಂದರೆ ಚೀಲ ಹೊತ್ತವರು ಮುಂದೆ ಹೋಗಿಬಿಟ್ಟಿರುತ್ತಾರೆ. ಹೊಸ ಚಪ್ಪಲಿ, ಹೊಸ ಬೂಟು ಆ ದಿನ ಬೇಡ.

ಬಿಸಿಲಿಗೆ ಹಚ್ಚುವ ಲೇಪನ ಬಳಸುವುದಾದರೆ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಎರಡು ಗಂಟೆಗೊಮ್ಮೆ ಮತ್ತೆ. ಆರು ತಿಂಗಳ ಒಳಗಿನ ಮಗುವಿಗೆ ಲೇಪನಕ್ಕಿಂತ ನೆರಳು ಮತ್ತು ಬಟ್ಟೆಯೇ ರಕ್ಷಣೆ. ಸೊಳ್ಳೆ ಲೇಪನಗಳಲ್ಲಿ ಡೀಟ್ (DEET) ಎಂಬ ರಾಸಾಯನಿಕ ಇರುವುದನ್ನು ಎರಡು ತಿಂಗಳ ಒಳಗಿನ ಶಿಶುವಿಗೂ, ಲೆಮನ್ ಯೂಕಲಿಪ್ಟಸ್ ಎಣ್ಣೆ ಇರುವುದನ್ನು ಮೂರು ವರ್ಷದ ಒಳಗಿನ ಮಕ್ಕಳಿಗೂ ಹಚ್ಚಬಾರದು. ಪುಟ್ಟ ಮಕ್ಕಳ ಅಂಗೈಗೆ ಯಾವುದನ್ನೂ ಹಚ್ಚಬೇಡಿ, ಅದು ನೇರ ಬಾಯಿಗೆ ಹೋಗುತ್ತದೆ.

ದುರ್ಬೀನು ಇದ್ದರೆ ತನ್ನಿ. ಕೊಳ್ಳುವ ಯೋಚನೆಯಿದ್ದರೆ 8×42 ಎಂದು ಬರೆದದ್ದನ್ನು ನೋಡಿ: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಮಸೂರ 42 ಮಿ.ಮೀ. ಅಗಲ. ಹೆಚ್ಚು ಪಟ್ಟು ಇರುವುದು ಉತ್ತಮವೆಂದು ತೋರುತ್ತದೆ, ಆದರೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಮಕ್ಕಳ ಕೈಗೆ 8×30 ಹಗುರ. ದುರ್ಬೀನಿನಿಂದ ಸೂರ್ಯನನ್ನು ನೋಡಬಾರದು ಎಂಬುದನ್ನು ಕೊಡುವ ಮೊದಲೇ ಹೇಳಿ.

ಹೆಜ್ಜೆ 6: ನಡೆಯುವುದು, ಮತ್ತು ಎಲ್ಲಿ ತಿರುಗಬೇಕೆಂದು ತೀರ್ಮಾನಿಸುವುದು

ಹೊರಡುವಾಗ ಗೇಟಿನ ಬಳಿ ಒಂದು ಗುರುತನ್ನು ಎಲ್ಲರಿಗೂ ತೋರಿಸಿ, ದೊಡ್ಡ ಮರವೋ ಬಣ್ಣದ ಕಟ್ಟಡವೋ. "ಯಾರಾದರೂ ತಪ್ಪಿಸಿಕೊಂಡರೆ ಇಲ್ಲಿ ಬಂದು ನಿಲ್ಲಿ" ಎಂದು ಹೇಳಿ. ಪುಟ್ಟ ಮಕ್ಕಳಿಗೆ ಮಾತ್ರ ಇದಕ್ಕೆ ಉಲ್ಟಾ: ತಪ್ಪಿಸಿಕೊಂಡರೆ ಎಲ್ಲಿಗೂ ಹೋಗದೆ ಇದ್ದಲ್ಲೇ ನಿಂತು ಕೂಗಬೇಕು, ನಾವೇ ಬರುತ್ತೇವೆ ಎಂದು ಕಲಿಸಿ. ನಿಮ್ಮ ಮೊಬೈಲ್ ಸಂಖ್ಯೆಯನ್ನು ಮಗುವಿನ ತೋಳಿನ ಒಳಬದಿಯಲ್ಲಿ ಪೆನ್ನಿನಿಂದ ಬರೆದರೂ ನಡೆಯುತ್ತದೆ.

ಈಗ ಮುಖ್ಯ ಲೆಕ್ಕ. ಸುತ್ತಿನ ಮೂರನೇ ಒಂದು ಭಾಗ ಮುಗಿದಾಗ ನಿಲ್ಲಿ. 3 ಕಿ.ಮೀ. ಕೆರೆಯಾದರೆ 1 ಕಿ.ಮೀ. ಬಳಿ. ಇಲ್ಲಿಂದ ಹಿಂತಿರುಗಿದರೆ ಉಳಿದದ್ದು 1 ಕಿ.ಮೀ., ಮುಂದುವರಿದರೆ 2 ಕಿ.ಮೀ. ಹಿಂತಿರುಗುವುದರಿಂದ ಲಾಭವಿರುವ ಕೊನೆಯ ನೆಮ್ಮದಿಯ ಜಾಗ ಇದು. ಅರ್ಧ ದಾಟಿದ ಮೇಲೆ ಮುಂದೆ ಹೋಗುವುದೇ ಹತ್ತಿರ, ಆಗ ಆಯ್ಕೆಯೇ ಇರುವುದಿಲ್ಲ. ಆದ್ದರಿಂದ ಮೂರನೇ ಒಂದರ ಬಳಿ ಒಂದು ಬೆಂಚು ಹಿಡಿದು, ನೀರು ಕುಡಿದು, ಒಬ್ಬೊಬ್ಬರ ಮುಖ ನೋಡಿ. "ಸುಸ್ತಾಯಿತೇ?" ಎಂದು ಕೇಳಬೇಡಿ, ಹಿರಿಯರು ಇಲ್ಲವೆನ್ನುತ್ತಾರೆ, ಮಕ್ಕಳು ಹೌದೆನ್ನುತ್ತಾರೆ, ಎರಡೂ ನಿಜವಲ್ಲ. ಬದಲಾಗಿ ಗಮನಿಸಿ. ಮಗು ಇನ್ನೂ ಹಾದಿ ಬಿಟ್ಟು ಅಡ್ಡಾಡುತ್ತಿದ್ದರೆ ಶಕ್ತಿ ಉಳಿದಿದೆ. ಮಾತಿಲ್ಲದೆ ನಿಮ್ಮ ಬಟ್ಟೆ ಹಿಡಿದು ನೇರವಾಗಿ ನಡೆಯುತ್ತಿದ್ದರೆ ಮುಗಿಯುತ್ತಿದೆ. ಹಿರಿಯರ ಹೆಜ್ಜೆ ಚಿಕ್ಕದಾಗಿ ಪಾದ ನೆಲಕ್ಕೆ ಸವರತೊಡಗಿದರೆ ತಿರುಗುವ ಹೊತ್ತು. ಎದೆ ಹಿಡಿದಂತಾಗುವುದು, ತಲೆಸುತ್ತು, ಅಸಹಜ ಬೆವರು ಕಂಡರೆ ತಿರುಗುವ ಮಾತಲ್ಲ, ಅಲ್ಲೇ ಕೂರಿಸಿ ವೈದ್ಯಕೀಯ ನೆರವು ಕರೆಯುವ ಮಾತು.

ಹದಿಹರೆಯದವರಿಗೆ ಹೇಳುತ್ತೇನೆಂದ ಉಪಾಯ: ಗೇಟಿನಿಂದ ಎರಡು ಗುಂಪಾಗಿ ವಿರುದ್ಧ ದಿಕ್ಕಿಗೆ ಹೊರಡಿ. ಅದೇ 3 ಕಿ.ಮೀ. ಕೆರೆ ಇಟ್ಟುಕೊಳ್ಳೋಣ. ಗಂಟೆಗೆ 5 ಕಿ.ಮೀ. ವೇಗದವರು ಒಂದು ಕಡೆ, 2 ಕಿ.ಮೀ. ವೇಗದವರು ಇನ್ನೊಂದು ಕಡೆ. ಸುಮಾರು 26 ನಿಮಿಷಕ್ಕೆ ಅವರು ಎದುರಾಗುತ್ತಾರೆ. ಆಗ ನಿಧಾನದವರು ನಡೆದಿರುವುದು 850 ಮೀಟರ್ ಅಷ್ಟೇ. ಅಲ್ಲಿಂದ ನಿಧಾನದವರು ಹಿಂತಿರುಗಲಿ, ವೇಗದವರು ಅವರ ಜೊತೆ ಮುಂದುವರಿಯಲಿ. ಎಲ್ಲರೂ ಒಟ್ಟಿಗೆ ಗೇಟು ತಲುಪುವಾಗ ಐವತ್ತೆರಡು ನಿಮಿಷ ಆಗಿರುತ್ತದೆ; ವೇಗದವರ ಸುತ್ತು ಪೂರ್ತಿಯಾಗಿರುತ್ತದೆ, ನಿಧಾನದವರು ಎರಡು ಕಿ.ಮೀ.ಯನ್ನೂ ಮುಟ್ಟಿರುವುದಿಲ್ಲ. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ಹಾದಿ ಒಂದೇ ಇರುವ ಕೆರೆಯಲ್ಲಿ ಎದುರಾಗದೆ ತಪ್ಪಿಹೋಗುವ ಭಯವೂ ಇಲ್ಲ.

ಹಾದಿಯ ಶಿಸ್ತು ಸರಳ: ಒಂದು ಬದಿಯಲ್ಲೇ ನಡೆಯಿರಿ, ನಿಲ್ಲುವಾಗ ಹಾದಿಯಿಂದ ಹೊರಗೆ ಸರಿದು ನಿಲ್ಲಿ. ಐದು ಜನ ಕೈ ಕೈ ಹಿಡಿದು ಅಡ್ಡಲಾಗಿ ನಡೆಯುವ ಸಂಭ್ರಮಕ್ಕೆ ಹಿಂದಿನಿಂದ ಓಡಿಬರುವವರು ಶಾಪ ಹಾಕುತ್ತಿರುತ್ತಾರೆ.

ಹೆಜ್ಜೆ 7: ನೀರಿನ ಬದಿಯಲ್ಲಿ ದೊಡ್ಡವರು

ಮಗು ನೀರಿಗೆ ಬಿದ್ದರೆ ಕೂಗುತ್ತದೆ, ಕೈ ಬಡಿಯುತ್ತದೆ, ನಮಗೆ ಗೊತ್ತಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗೆ ಆಗುವುದು ಕಡಿಮೆ. ಚಿಕ್ಕ ಮಕ್ಕಳು ಸದ್ದಿಲ್ಲದೆ, ಆಳವಿಲ್ಲದ ನೀರಿನಲ್ಲೂ, ನಿಮಿಷಗಳಲ್ಲಿ ಮುಳುಗುತ್ತಾರೆ. ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸಾಯುವ ಪ್ರಮಾಣ ಅತಿ ಹೆಚ್ಚಿರುವುದು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ.

ಆದ್ದರಿಂದ ತಡೆಬೇಲಿ ಇರಲಿ, ಇಲ್ಲದಿರಲಿ, ನೀರಿನ ಬದಿಯಲ್ಲಿ ದೊಡ್ಡವರು, ಹೊರಬದಿಯಲ್ಲಿ ಮಕ್ಕಳು. ಐದು ವರ್ಷದ ಒಳಗಿನವರು ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು. "ಎಲ್ಲರೂ ನೋಡುತ್ತಿದ್ದಾರೆ" ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಪ್ರತಿ ಮಗುವಿಗೂ ಒಬ್ಬರ ಹೆಸರು ಹೇಳಿ ಒಪ್ಪಿಸಿ, ಬದಲಾಗುವಾಗ ಬಾಯಿಬಿಟ್ಟು ಹೇಳಿ. ಆ ಹೊತ್ತಿನಲ್ಲಿ ಅವರ ಮೊಬೈಲ್ ಕಿಸೆಯಲ್ಲಿರಲಿ. ಸ್ಟ್ರಾಲರ್ ನಿಲ್ಲಿಸಿದಾಗಲೆಲ್ಲ ಬ್ರೇಕ್ ಹಾಕಿ, ಅದರ ಮುಖ ನೀರಿನ ಕಡೆಗಿರದೆ ಹಾದಿಗೆ ಸಮಾನಾಂತರವಾಗಿರಲಿ.

ಕಟ್ಟಿದ ಕೆರೆಯಲ್ಲಿ ನೀರು ಹೆಚ್ಚು ಆಳವಿರುವುದು ಏರಿಯ ಬದಿಯಲ್ಲಿ, ಅದರಲ್ಲೂ ನೀರು ಹೊರಬಿಡುವ ತೂಬಿನ ಹತ್ತಿರ. ನೀರು ಒಳಬರುವ ಎದುರು ದಡದಲ್ಲಿ ಆಳ ಕಡಿಮೆ, ಆದರೆ ಅಲ್ಲಿ ಕೆಸರು ಕಾಲನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಅಪಾಯ ಹಲವರಿಗೆ ಹೊಳೆಯುವುದಿಲ್ಲ: ದಡಕ್ಕೆ ಅಂಟಿಕೊಂಡು ದಟ್ಟವಾಗಿ ಹಬ್ಬಿದ ಜಲಕಳೆ ಪುಟ್ಟ ಮಗುವಿನ ಕಣ್ಣಿಗೆ ಹುಲ್ಲುಹಾಸಿನಂತೆಯೇ ಕಾಣುತ್ತದೆ. ಚೆಂಡು ಅದರ ಮೇಲೆ ಹೋಗಿ ಕೂತರೆ ಮಗು ಹಿಂದೆಯೇ ಓಡುತ್ತದೆ. ಕೆರೆಯ ಬದಿಗೆ ಚೆಂಡು ತರದಿರುವುದೇ ಕ್ಷೇಮ.

ಯಾರಾದರೂ ಬಿದ್ದರೆ ಈಜು ಬಲ್ಲೆವೆಂದು ಹಾರಬೇಡಿ. ಮುಳುಗುತ್ತಿರುವವರು ಉಳಿಸಲು ಹೋದವರನ್ನೂ ಎಳೆದುಕೊಳ್ಳುತ್ತಾರೆ. ನೆಲದ ಮೇಲೆ ಮಲಗಿ ಕೊಂಬೆ, ವೇಲು, ಬೆಲ್ಟು ಏನಾದರೂ ಚಾಚಿ. ದೂರವಿದ್ದರೆ ತೇಲುವ ವಸ್ತು ಎಸೆಯಿರಿ. ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಕ್ಯಾನ್ ಕೂಡ ತೇಲಿಸುತ್ತದೆ. ಜೊತೆಗೇ ಕೂಗಿ ಜನ ಸೇರಿಸಿ.

ಹಸಿರು ಬಣ್ಣ ಚೆಲ್ಲಿದಂತೆ ನೀರಿನ ಮೇಲೆ ಕೆನೆಗಟ್ಟಿದ್ದರೆ ಅದು ನೀಲಿ-ಹಸಿರು ಪಾಚಿ ಆಗಿರಬಹುದು. ಅದರ ಕೆಲವು ಬಗೆಗಳು ವಿಷ ಸೃಷ್ಟಿಸುತ್ತವೆ, ಕಣ್ಣಳತೆಯಲ್ಲಿ ಯಾವುದು ಎಂದು ಹೇಳಲಾಗದು. ಮಕ್ಕಳು ಮುಟ್ಟಬಾರದು, ನಾಯಿ ಆ ನೀರನ್ನು ನೆಕ್ಕಬಾರದು. ಬಿಳಿ ನೊರೆ ಕಂಡರೆ ಹೆಚ್ಚಾಗಿ ಅದು ಸಾಬೂನು ಪುಡಿ ಬೆರೆತ ಕೊಳಚೆಯ ಕಾಣಿಕೆ. ಗಾಳಿಗೆ ಹಾರಿಬರುವ ಅದನ್ನು ಹಿಡಿಯಲು ಮಕ್ಕಳನ್ನು ಬಿಡಬೇಡಿ.

ಹೆಜ್ಜೆ 8: ಬೇಸರಕ್ಕೆ ಮದ್ದು ಕೆರೆಯಲ್ಲೇ ಇದೆ

"ಇನ್ನೂ ಎಷ್ಟು ದೂರ?" ಎಂಬ ಪ್ರಶ್ನೆ ಬರುವ ಮೊದಲೇ ಕೆಲಸ ಕೊಡಬೇಕು. ಹಕ್ಕಿಗಳ ಹೆಸರು ಕಲಿಸಲು ಹೊರಟರೆ ಶಾಲೆಯಾಗುತ್ತದೆ. ಅವು ಏನು ಮಾಡುತ್ತಿವೆ ಎಂದು ಕೇಳಿ.

ಗುಳುಮುಳುಕ ಹಕ್ಕಿ ಮುಳುಗಿದ ತಕ್ಷಣ ಎಣಿಕೆ ಶುರು ಮಾಡಿ. ಹತ್ತಿಪ್ಪತ್ತು ಎಣಿಸುವುದರೊಳಗೆ ಏಳುತ್ತದೆ, ಆದರೆ ಮುಳುಗಿದಲ್ಲಿ ಅಲ್ಲ. ಎಲ್ಲಿ ಏಳುತ್ತದೆ ಎಂದು ಒಬ್ಬೊಬ್ಬರೂ ಬೆರಳು ತೋರಿಸಿ ಪಂದ್ಯ ಕಟ್ಟಬಹುದು. ಕಲ್ಲಿನ ಮೇಲೆ ರೆಕ್ಕೆ ಹರಡಿಕೊಂಡು ನಿಂತಿರುವುದು ನೀರುಕಾಗೆ. ಅದರ ಗರಿಗಳು ನೀರನ್ನು ಬೇಗ ಹೀರುತ್ತವೆ. ಅದರಿಂದ ಮುಳುಗಲು ಅನುಕೂಲ, ಮೇಲೆ ಬಂದಾಗ ಒಣಗಿಸಿಕೊಳ್ಳುವ ಕೆಲಸ. ಕಪ್ಪು ಮೈ, ಬಿಳಿ ಹಣೆಯ ನಾಮದ ಕೋಳಿ ಹಾರಬೇಕಾದರೆ ನೀರಿನ ಮೇಲೆ ಪಟಪಟನೆ ಓಡಿಯೇ ಏಳಬೇಕು. ಬೆಳ್ಳಕ್ಕಿ ಕದಲದೆ ನಿಂತಷ್ಟು ಹೊತ್ತು ನೀವೂ ಕದಲದೆ ನಿಲ್ಲಿ ಎಂದರೆ ಮಕ್ಕಳಿಗೆ ಆಟ, ದೊಡ್ಡವರಿಗೆ ವಿಶ್ರಾಂತಿ. ನೀರಿನ ಮೇಲೆ ಅತ್ತಿತ್ತ ಸುಳಿಯುವ ಏರೋಪ್ಲೇನ್ ಚಿಟ್ಟೆಗಳ ಮರಿಗಳು ನೀರೊಳಗೆ ಬೆಳೆಯುತ್ತವೆ, ಸೊಳ್ಳೆ ಮರಿಗಳನ್ನು ತಿನ್ನುತ್ತವೆ. ಇದನ್ನು ಕೇಳಿದ ಮೇಲೆ ಅವನ್ನು ಹಿಡಿಯಲು ಮಕ್ಕಳಿಗೂ ಮನಸ್ಸಾಗುವುದಿಲ್ಲ.

ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ಕಂಡರೆ ದೊಡ್ಡ ಮಕ್ಕಳಿಗೆ ಕಾರಣ ಹೇಳಿ. ರಾತ್ರಿ ಜಲಸಸ್ಯಗಳು ಆಮ್ಲಜನಕ ಬಿಡುವುದು ನಿಲ್ಲುತ್ತದೆ, ಆದರೆ ಉಸಿರಾಟ ನಡೆದೇ ಇರುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವುದು ಸೂರ್ಯೋದಯದ ಹೊತ್ತಿಗೆ. ಕೊಳಚೆ ಸೇರುವ ಕೆರೆಯಲ್ಲಿ ಈ ಕೊರತೆ ಇನ್ನೂ ಹೆಚ್ಚು.

ಬ್ರೆಡ್ಡು, ಬಿಸ್ಕತ್ತು, ಹುರಿದ ತಿಂಡಿಗಳನ್ನು ಬಾತುಕೋಳಿಗಳಿಗೆ ಎಸೆಯಬೇಡಿ. ಅವುಗಳಿಗೆ ಅದರಲ್ಲಿ ಪೋಷಣೆಯಿಲ್ಲ, ಉಳಿದದ್ದು ಕೊಳೆತು ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ರಾತ್ರಿ ಇಲಿಗಳನ್ನು ಕರೆಯುತ್ತದೆ. ಎಷ್ಟು ಹತ್ತಿರ ಹೋಗಬಹುದು ಎಂಬುದನ್ನು ಹಕ್ಕಿಯೇ ಹೇಳುತ್ತದೆ: ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನಿಮ್ಮನ್ನು ನೋಡಿದರೆ ಅದೇ ಗಡಿ. ಅಲ್ಲಿಂದ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಹೆಜ್ಜೆ 9: ಗುಡುಗು, ನಾಯಿ, ಹುಲ್ಲು

ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರದಲ್ಲಿದೆ ಎಂದೇ ತಿಳಿಯಿರಿ. ಮಿಂಚು ಕಂಡು ಗುಡುಗು ಕೇಳುವ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. ಬಯಲಾದ ಏರಿ ಮತ್ತು ಒಂಟಿ ಮರದ ಬುಡ, ಇವೆರಡೂ ಅತಿ ಕೆಟ್ಟ ಜಾಗಗಳು. ಕಟ್ಟಡದೊಳಗೋ ಮುಚ್ಚಿದ ಕಾರಿನೊಳಗೋ ಹೋಗಿ, ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಾಯಿರಿ. ನಾಲ್ಕೂ ಬದಿ ತೆರೆದ ಮಂಟಪ ಮಳೆಗೆ ಸಾಕು, ಸಿಡಿಲಿಗೆ ಸಾಲದು.

ಬೀದಿನಾಯಿಗಳು ಎದುರಾದರೆ ಓಡಬಾರದು, ಕಲ್ಲೆತ್ತಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು. ಕೈಗಳನ್ನು ಮೈಗೆ ಒತ್ತಿಕೊಂಡು ಅಲ್ಲಾಡದೆ ನಿಂತರೆ ಬಹುತೇಕ ನಾಯಿಗಳು ಮೂಸಿ ಹೋಗುತ್ತವೆ. ಇದನ್ನು ಮಕ್ಕಳಿಗೆ ಮನೆಯಲ್ಲೇ ಆಡಿಸಿ ಅಭ್ಯಾಸ ಮಾಡಿಸಬೇಕು. ಕಚ್ಚಿದರೆ ಅಥವಾ ಪರಚಿದರೆ, ಗಾಯ ಎಷ್ಟೇ ಚಿಕ್ಕದಿರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರ ಬಳಿ ಹೋಗಿ ರೇಬಿಸ್ ಲಸಿಕೆ ಆರಂಭಿಸಬೇಕು. ನಿಮ್ಮದೇ ನಾಯಿಯಿದ್ದರೆ ಬಿಗಿ ಹಗ್ಗದಲ್ಲಿರಲಿ. ಹಲವು ಕೆರೆಗಳಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿರುವುದಿಲ್ಲ, ಫಲಕ ಓದಿಕೊಳ್ಳಿ.

ಎತ್ತರದ ಹುಲ್ಲಿಗೆ ಇಳಿಯಬೇಡಿ. ಚೆಂಡೋ ಚಪ್ಪಲಿಯೋ ಒಳಗೆ ಹೋದರೆ ಕೋಲಿನಿಂದ ಸವರಿ ನೋಡಿಯೇ ತೆಗೆಯಿರಿ.

ಹೆಜ್ಜೆ 10: ಮರಳಿದ ಮೇಲೆ

ಗೇಟಿನ ಬಳಿ ಮತ್ತೆ ತಲೆ ಎಣಿಸಿ. ತಿನ್ನುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೆಸರು ಮೆತ್ತಿದ ಕೈಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ಟ್ರಾಲರ್‌ನ ಚಕ್ರ, ಬೂಟಿನ ಅಡಿ ಒಣಗುವ ಮೊದಲೇ ಉಜ್ಜಿದರೆ ಸುಲಭ. ಹುಲ್ಲಿನ ಮೇಲೆ ಕೂತಿದ್ದವರು ಮೊಣಕಾಲಿನ ಹಿಂಭಾಗ, ಸೊಂಟದ ಪಟ್ಟಿ ಮತ್ತು ಕಂಕುಳಿನಲ್ಲಿ ರಕ್ತ ಹೀರುವ ಉಣ್ಣೆ (ಉಣುಗು) ಅಂಟಿದೆಯೇ ಎಂದು ನೋಡಿಕೊಳ್ಳಿ.

ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದಿಡಿ: ಯಾವ ಗೇಟಿನಿಂದ ಹೋದಿರಿ, ಶೌಚಾಲಯ ತೆರೆದಿತ್ತೇ, ಮೂರನೇ ಒಂದರ ಬೆಂಚು ಎಲ್ಲಿತ್ತು, ಯಾರು ಎಲ್ಲಿ ದಣಿದರು. ಮುಂದಿನ ಸಲ ಅದೇ ಗೇಟಿನಿಂದ ಇನ್ನೊಂದು ದಿಕ್ಕಿಗೆ ಹೊರಡಿ. ಈ ಸಲ ನೋಡದೆ ಬಿಟ್ಟ ಭಾಗ ಆಗ ಮೊದಲ ಒಂದು ಕಿಲೋಮೀಟರಿನಲ್ಲೇ ಸಿಗುತ್ತದೆ, ಎಲ್ಲರ ಕಾಲಲ್ಲೂ ಇನ್ನೂ ಶಕ್ತಿಯಿರುವಾಗ.